ಕಂದಕವೆಂದರೆ ಕೋಟೆಯಲ್ಲ: ವಿಂಡ್‌ಮಿಲ್ ಹಿಲ್ ಮತ್ತು ಏವ್‌ಬರಿ ನಡಿಗೆಯ ವಿಮರ್ಶೆ

ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿರುವ ವಿಂಡ್‌ಮಿಲ್ ಹಿಲ್ ಎಂಬ ದಿಣ್ಣೆಯ ಮೇಲೆ ನಿಂತವರಿಗೆ ಕಾಣುವುದು ಹುಲ್ಲು, ಮೇಯುವ ಕುರಿಗಳು, ಕಂಚಿನ ಯುಗದ ಕೆಲವು ಸಮಾಧಿ ದಿಬ್ಬಗಳು ಮತ್ತು ಅಲ್ಲಲ್ಲಿ ಸ್ವಲ್ಪ ತಗ್ಗಾದ ನೆಲ. ನೋಡಬೇಕಾದದ್ದು ಆ ತಗ್ಗುಗಳನ್ನೇ. ಕ್ರಿ.ಪೂ. 3700ರಿಂದ 3600ರ ನಡುವೆ ನವಶಿಲಾಯುಗದ ಜನ ಇಲ್ಲಿ ಒಂದರೊಳಗೊಂದು ಮೂರು ಸುತ್ತು ಕಂದಕ ತೋಡಿ, ಸುಮಾರು 21 ಎಕರೆ ನೆಲವನ್ನು ಸುತ್ತುವರಿದರು. ತಿಳಿದವರು ಜೊತೆಗಿಲ್ಲದಿದ್ದರೆ ಈ ದಿಣ್ಣೆಯನ್ನು ಹತ್ತಿ ಇಳಿದದ್ದಷ್ಟೇ ಆಗುತ್ತದೆ ಎಂಬ ಕಾರಣಕ್ಕೆ, ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನು ಕರೆದುಕೊಂಡು ಕಳೆದ ಜೂನ್‌ನಲ್ಲಿ ಒಂದು ದಿನದ ಮಾರ್ಗದರ್ಶಿ ನಡಿಗೆಗೆ ಹೋಗಿದ್ದೆ. ಇದು ಒಬ್ಬ ಮಹಿಳೆ ತಾವೇ ನಡೆಸುವ ಸಣ್ಣ ಸೇವೆ. ಅವರು ಹಿಂದೆ ಉತ್ಖನನಗಳಲ್ಲಿ ಕೆಲಸ ಮಾಡಿದವರು. ನಮ್ಮ ಗುಂಪಿನಲ್ಲಿ ಎಂಟು ಜನರಿದ್ದೆವು, ತಲೆಗೆ 38 ಪೌಂಡ್, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ.

ನಡಿಗೆ ಆರಂಭವಾದದ್ದು ದಿಣ್ಣೆಯ ಬಳಿಯ, ವೃತ್ತಾಕಾರವಾಗಿ ನಿಲ್ಲಿಸಿದ ಪ್ರಾಚೀನ ಕಲ್ಲುಗಳಿರುವ ಏವ್‌ಬರಿ ಹಳ್ಳಿಯಲ್ಲಿ, ಮುಗಿದದ್ದು ದಿಣ್ಣೆಯ ಮೇಲೆ. ನಾನು ಇಲ್ಲಿ ದಿಣ್ಣೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ನಡಿಗೆಯೂ ಹಾಗೆಯೇ ನಡೆಯಬೇಕಿತ್ತೆಂದು ನನಗೆ ಖಚಿತವಾಗಿ ಅನ್ನಿಸಿದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ತಂದೆಯವರಿಗೆ ಇಂಗ್ಲಿಷ್ ಅಷ್ಟಾಗಿ ರೂಢಿಯಿಲ್ಲದ ಕಾರಣ ನಾನು ಮೆಲುದನಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ, ಮೊದಲ ಪದದಲ್ಲೇ ತೊಡಕಾಯಿತು. ನಾನು ‘ಕಂದಕ’ ಎಂದ ಕೂಡಲೇ ಅವರು ಕೇಳಿದ್ದು, "ಇದು ಯಾವ ರಾಜನ ಕೋಟೆ?" ಎಂದು. ಚಿತ್ರದುರ್ಗ, ಶ್ರೀರಂಗಪಟ್ಟಣಗಳನ್ನು ನೋಡಿ ಬೆಳೆದವರಿಗೆ ಕಂದಕವೆಂದರೆ ಶತ್ರುವನ್ನು ತಡೆಯುವ ಅಗಳು, ಅದರ ಹಿಂದೆ ಗೋಡೆ, ಗೋಡೆಯ ಹಿಂದೆ ದೊರೆ. ಈ ಪ್ರಶ್ನೆಯನ್ನು ನಾನು ಮಾರ್ಗದರ್ಶಿಗೆ ದಾಟಿಸಿದಾಗ ಅವರು ಅದನ್ನು ತೇಲಿಸಿಬಿಡಲಿಲ್ಲ. ಅಲ್ಲಿಂದ ಮುಂದಿನ ಒಂದು ಗಂಟೆಯ ಪಾಠವನ್ನೆಲ್ಲ ಆ ಪ್ರಶ್ನೆಯ ಮೇಲೆಯೇ ಕಟ್ಟಿದರು. ಈ ಸೇವೆಯ ನಿಜವಾದ ಬೆಲೆ ನನಗೆ ಅರಿವಾದದ್ದು ಅಲ್ಲಿ.

ಅದು ರಕ್ಷಿತ ಸ್ಮಾರಕವಾದ್ದರಿಂದ ಗುರುತಿಗೆಂದು ಒಂದು ಗೂಟವನ್ನೂ ನೆಡುವಂತಿಲ್ಲ. ಆದ್ದರಿಂದ ಅವರು ನಮ್ಮನ್ನೇ ಗೂಟಗಳನ್ನಾಗಿ ಮಾಡಿದರು. ಕೈಯಲ್ಲಿದ್ದ ನಕ್ಷೆಯನ್ನು ನೋಡುತ್ತಾ, ಹೊರಸುತ್ತಿನ ಒಂದು ತುಂಡು ಕಂದಕ ಶುರುವಾಗುವಲ್ಲಿ ಒಬ್ಬರನ್ನು, ಅದು ಮುಗಿಯುವಲ್ಲಿ ಇನ್ನೊಬ್ಬರನ್ನು, ಮುಂದಿನ ತುಂಡಿನ ಆರಂಭಕ್ಕೆ ಮತ್ತೊಬ್ಬರನ್ನು ನಿಲ್ಲಿಸುತ್ತಾ ಹೋದರು. ತಂದೆಯವರಿಗೆ ಸಿಕ್ಕಿದ್ದು ಎರಡು ತುಂಡುಗಳ ನಡುವೆ ತೋಡದೆ ಬಿಟ್ಟ ನೆಲ. ಎಂಟು ಜನ ನಿಂತಾದ ಮೇಲೆ, ಅಷ್ಟುಹೊತ್ತು ಬರಿಯ ಹುಲ್ಲಾಗಿದ್ದ ಜಾಗದಲ್ಲಿ ಒಂದು ಬಾಗಿದ ಗೆರೆ ಮೂಡಿತು. ಆ ಗೆರೆ ಕಡಿದು ಕಡಿದು ಸಾಗುತ್ತಿತ್ತು. ಕೋಟೆಯ ಕಂದಕ ಹೀಗಿರುವುದಿಲ್ಲ, ಹತ್ತು ಹೆಜ್ಜೆಗೊಂದು ದಾರಿ ಬಿಟ್ಟರೆ ಶತ್ರುವನ್ನು ತಡೆಯುವುದಾದರೂ ಹೇಗೆ? ಇಂಥ ಆವರಣಗಳ ಮೂಲ ಲಕ್ಷಣವೇ ಈ ಬಿಡುವುಗಳು. ತೋಡಿದ ಸೀಮೆಸುಣ್ಣದ ಕಲ್ಲನ್ನು ಒಳಬದಿಗೆ ಸುರಿದು ಏರಿ ಮಾಡಿದ್ದರು ನಿಜ, ಆದರೆ ನೆಲಕ್ಕೊಂದು ಅಂಚು ಹಾಕುವುದು, ಒಳಗೆ ಬರುವವರಿಗೆ ತಾವು ಒಳಗೆ ಬಂದೆವೆಂದು ತಿಳಿಯುವಂತೆ ಮಾಡುವುದು ಇವುಗಳ ಕೆಲಸವಾಗಿತ್ತೆಂದು ಕಾಣುತ್ತದೆ.

ಹಾಗೆಂದು ಮಾರ್ಗದರ್ಶಿ ಆ ಕಾಲವನ್ನೆಲ್ಲ ಶಾಂತಿಯ ಕಾಲವೆಂದು ಬಣ್ಣಿಸಲಿಲ್ಲ. ಗ್ಲಾಸ್ಟರ್‌ಶೈರಿನ ಕ್ರಿಕ್ಲಿ ಹಿಲ್‌ನಲ್ಲಿ ಇದೇ ಬಗೆಯ ಆವರಣವೊಂದರ ದ್ವಾರಗಳ ಸುತ್ತ ನಾನೂರಕ್ಕೂ ಹೆಚ್ಚು ಕಲ್ಲಿನ ಬಾಣದ ಮೊನೆಗಳು ಸಿಕ್ಕಿದ್ದನ್ನು ಅವರಾಗಿಯೇ ಹೇಳಿದರು. ಆದರೆ ಒಂದು ಮಾತಿಗೆ ನನ್ನ ಆಕ್ಷೇಪವಿದೆ. "ಕಂದಕದ ಒಂದೊಂದು ತುಂಡನ್ನು ಒಂದೊಂದು ಕುಟುಂಬ ತೋಡಿತು" ಎಂಬುದನ್ನು ಅವರು ಕಂಡವರಂತೆ ಹೇಳಿದರು. ಅದು ವಿದ್ವಾಂಸರ ಊಹೆ, ಒಳ್ಳೆಯ ಊಹೆಯೂ ಹೌದು. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ತುಂಡುಗಳನ್ನು ಹಂಚಿಕೊಂಡಿದ್ದರೆ ಅವುಗಳ ಉದ್ದ ಆಳಗಳು ಒಂದೇ ಸಮನಾಗಿಲ್ಲದಿರುವುದಕ್ಕೆ ಕಾರಣ ಸಿಗುತ್ತದೆ. ಆದರೂ ಊಹೆಯನ್ನು ಊಹೆಯೆಂದು ಹೇಳಿಯೇ ಕೊಡಬೇಕು, ಹಣ ಕೊಟ್ಟು ಕಲಿಯಲು ಬಂದವರ ಮುಂದೆ ಮತ್ತೂ ಹೆಚ್ಚಾಗಿ.

ತೋಡಿದ ಕಂದಕ ತುಂಬಿಕೊಳ್ಳುವುದು ಹೇಗೆ ಎಂಬ ಭಾಗ ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಏವ್‌ಬರಿಯ ಪೂರ್ವಕ್ಕಿರುವ ಓವರ್ಟನ್ ಡೌನ್‌ನಲ್ಲಿ 1960ರಲ್ಲಿ ವಿಜ್ಞಾನಿಗಳು ಒಂದು ಹೊಸ ಕಂದಕವನ್ನೂ ಏರಿಯನ್ನೂ ತಾವೇ ಕಟ್ಟಿದರು. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಹೀಗೆ ಪ್ರತಿ ಸಲ ಇಮ್ಮಡಿಯಾಗುವ ವರ್ಷಗಳ ಅಂತರದಲ್ಲಿ ಅದನ್ನು ಸೀಳಿ ನೋಡುವ ಯೋಜನೆ ಅವರದು, ತಮ್ಮ ಆಯುಷ್ಯ ಮುಗಿದ ಮೇಲೂ ನಡೆಯಬೇಕೆಂದು ತಿಳಿದೇ ಹಾಕಿಕೊಂಡದ್ದು. ಅಲ್ಲಿ ಕಂಡದ್ದೇನೆಂದರೆ, ಮೊದಲ ಕೆಲವು ಚಳಿಗಾಲಗಳಲ್ಲೇ ಹಿಮಕ್ಕೆ ಸಡಿಲಗೊಂಡ ಸೀಮೆಸುಣ್ಣದ ಕಲ್ಲು ಬದಿಗಳಿಂದ ಉದುರಿ ತಳವನ್ನು ಬೇಗ ತುಂಬುತ್ತದೆ, ಹುಲ್ಲು ಹಿಡಿದ ಮೇಲೆ ತುಂಬುವ ವೇಗ ಬಹಳ ತಗ್ಗುತ್ತದೆ. ಈ ಒಂದು ಸಂಗತಿ ತಿಳಿದರೆ ವಿಂಡ್‌ಮಿಲ್ ಹಿಲ್‌ನ ಕಂದಕದ ಪದರಗಳನ್ನು ಓದುವ ಬಗೆಯೇ ಬದಲಾಗುತ್ತದೆ: ತಳದ ಕಲ್ಲುಚೂರಿನ ದಪ್ಪ ಪದರ ಶತಮಾನಗಳದ್ದಲ್ಲ, ಕೆಲವೇ ವರ್ಷಗಳದ್ದು, ಆ ಪದರದ ಕೆಳಗೆ ಅಥವಾ ನಡುವೆ ಮೂಳೆಯ ರಾಶಿ ಸಿಕ್ಕರೆ ಅದನ್ನು ಕಂದಕ ಹೊಸದಾಗಿದ್ದಾಗಲೇ ಯಾರೋ ಅಲ್ಲಿ ಇಟ್ಟಿರಬೇಕು.

ಇಟ್ಟಿದ್ದರು ಕೂಡ. 1925ರಿಂದ 1929ರವರೆಗೆ ಇಲ್ಲಿ ಉತ್ಖನನ ನಡೆಸಿದ ಅಲೆಕ್ಸಾಂಡರ್ ಕೈಲರ್, ಮಾರ್ಮಲೇಡ್ (ಕಿತ್ತಳೆ ಹಣ್ಣಿನ ಜಾಮ್) ತಯಾರಿಸುತ್ತಿದ್ದ ಸ್ಕಾಟ್ಲೆಂಡಿನ ಡಂಡಿಯ ಮನೆತನದ ಉತ್ತರಾಧಿಕಾರಿ. ದಿಣ್ಣೆಯ ಮೇಲೆ ರೇಡಿಯೋ ಕಂಬ ಏಳುವ ಸೂಚನೆ ಸಿಕ್ಕಾಗ 1924ರಲ್ಲಿ ದಿಣ್ಣೆಯನ್ನೇ ಕೊಂಡುಕೊಂಡವರು ಅವರು. ಕಂದಕಗಳಲ್ಲಿ ಅವರಿಗೆ ಅಪಾರ ಸಂಖ್ಯೆಯ ಮಡಕೆ ಚೂರುಗಳು, ಪ್ರಾಣಿಗಳ ಮೂಳೆಗಳು, ತೋಡಲು ಬಳಸಿದ ಜಿಂಕೆ ಕೊಂಬಿನ ಗುದ್ದಲಿಗಳು ಸಿಕ್ಕವು. ಮಡಕೆಗಳಲ್ಲಿ ಕೆಲವುಗಳ ಮಣ್ಣು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕಾರ್ನ್‌ವಾಲಿನದು. ಕಲ್ಲಿನ ಕೊಡಲಿಗಳಲ್ಲಿ ಕೆಲವು ಉತ್ತರದ ಲೇಕ್ ಡಿಸ್ಟ್ರಿಕ್ಟಿನವು. 1988ರಲ್ಲಿ ಪುರಾತತ್ವಜ್ಞ ಅಲಸ್ಡೇರ್ ವಿಟಲ್ ಅವರ ನೇತೃತ್ವದಲ್ಲಿ ಮತ್ತೆ ಅಗೆದಾಗ, ಮೂಳೆಗಳನ್ನು ಕಸದಂತೆ ಎಸೆಯದೆ ಗುಂಪುಗಟ್ಟಿ ಇಟ್ಟು ಮಣ್ಣು ಮುಚ್ಚಿದ್ದು ಇನ್ನಷ್ಟು ಸ್ಪಷ್ಟವಾಯಿತು. ಮೂಳೆಗಳಲ್ಲಿ ಹೆಚ್ಚಿನವು ದನಗಳವು. ಇದನ್ನು ಕೇಳಿದ ತಂದೆಯವರು, "ಹಾಗಾದರೆ ಇದು ಕೋಟೆಯಲ್ಲ, ಜಾತ್ರೆಯ ಬಯಲು" ಎಂದರು. ನಾನು ಅದನ್ನು ಇಂಗ್ಲಿಷಿಗೆ ತರಲು ಸ್ವಲ್ಪ ಹೆಣಗಿದೆ. ಸುತ್ತಲಿನ ಸೀಮೆಯ ಜನ ದನಕರುಗಳೊಡನೆ ಬಂದು, ಉಂಡು, ಕೊಟ್ಟು ಕೊಂಡು, ಸಂಬಂಧ ಬೆಳೆಸಿ ಮರಳುವ ಜಾಗ ಎಂದು ವಿವರಿಸಿದಾಗ ಮಾರ್ಗದರ್ಶಿ, ತಮ್ಮ ಶಾಸ್ತ್ರದವರು ಹೇಳುವುದೂ ಅದನ್ನೇ ಎಂದರು.

ನಮ್ಮ ತಂದೆಯವರು ಬಳ್ಳಾರಿ ಸೀಮೆಯವರು. ಕುಡತಿನಿಯ ಬಳಿಯ ಬೂದಿಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಬೆಳೆದವರು. ಹಂಪಿಯ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಜನ ಈಗಲೂ ಹೇಳುತ್ತಾರೆ. ಅವು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟುದರಿಂದ ಆದ ದಿಬ್ಬಗಳೆಂದು ಉತ್ಖನನಗಳು ತೋರಿಸಿವೆ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ದನಗಳನ್ನು ಕಡಿದು ಹಂಚಿದ ನೆಲಗಟ್ಟನ್ನೇ ಹೊರತೆಗೆದರು. ಎರಡು ನಾಡುಗಳಿಗೆ ಆಗ ಯಾವ ಸಂಪರ್ಕವೂ ಇರಲಿಲ್ಲ, ಕಾಲವೂ ಒಂದೇ ಅಲ್ಲ. ಆದರೆ ದನವೇ ಸಂಪತ್ತಾಗಿದ್ದ ಜನ ಕೂಡಿದ ಜಾಗಗಳು ನೆಲದಲ್ಲಿ ಇಷ್ಟು ಗಟ್ಟಿಯಾದ ಗುರುತನ್ನು ಉಳಿಸಿವೆ ಎಂಬುದು, ಅಲ್ಲಿ ಬೂದಿಯಾಗಿ ಇಲ್ಲಿ ಕಂದಕವಾಗಿ, ಆ ದಿಣ್ಣೆಯ ಮೇಲೆ ನಮ್ಮಿಬ್ಬರಿಗೂ ಮನಸ್ಸಿಗೆ ನಾಟಿತು. ಇನ್ನೊಂದು ಕೊಂಡಿ ನಿಜವಾಗಿಯೂ ಇದೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಮಾರ್ಟಿಮರ್ ವೀಲರ್, ಅದಕ್ಕೆ ಹತ್ತು ವರ್ಷ ಮೊದಲು ಡಾರ್ಸೆಟ್‌ನ ಮೇಡನ್ ಕಾಸಲ್‌ನಲ್ಲಿ ಅಗೆಯುತ್ತಿದ್ದಾಗ, ಕಬ್ಬಿಣ ಯುಗದ ಬೃಹತ್ ಕೋಟೆಯ ಅಡಿಯಲ್ಲಿ ಇದೇ ಬಗೆಯ ನವಶಿಲಾಯುಗದ ತುಂಡು ಕಂದಕಗಳನ್ನು ಕಂಡಿದ್ದರು. ಮಾರ್ಗದರ್ಶಿಗೆ ಬ್ರಹ್ಮಗಿರಿಯ ಹೆಸರು ಹೊಸದು, ಬರೆದುಕೊಂಡರು.

ಕಾಲನಿರ್ಣಯದ ವಿಷಯವನ್ನು ಅವರು ಚಿಕ್ಕದಾಗಿ, ಚೆನ್ನಾಗಿ ಮುಗಿಸಿದರು. ಇಂಥ ಆವರಣಗಳು ಬಹಳ ದೀರ್ಘಕಾಲ ನಿಧಾನವಾಗಿ ಬೆಳೆದವು ಎಂಬ ಹಳೆಯ ಎಣಿಕೆ, 2011ರಲ್ಲಿ ಪ್ರಕಟವಾದ ರೇಡಿಯೋಕಾರ್ಬನ್ (ಮೂಳೆಯಂಥ ಜೈವಿಕ ಅವಶೇಷಗಳ ವಯಸ್ಸನ್ನು ಅಳೆಯುವ ವಿಧಾನ) ಅಧ್ಯಯನದಿಂದ ಬಿದ್ದುಹೋಯಿತು. ವಿಂಡ್‌ಮಿಲ್ ಹಿಲ್‌ನ ಮೂರು ಸುತ್ತುಗಳನ್ನೂ ಒಂದೆರಡು ತಲೆಮಾರಿನೊಳಗೇ ತೋಡಿದ್ದರು.

ಈಗ ಏವ್‌ಬರಿ. ಅದರ ಕಂದಕ ಇದಕ್ಕಿಂತ ಸುಮಾರು ಸಾವಿರ ವರ್ಷ ಈಚಿನದು, ನೋಡಿದ ಕೂಡಲೇ ಬೆರಗು ಹುಟ್ಟಿಸುವಂಥದ್ದು. ಇಂದಿಗೂ ಆಳವಾಗಿಯೇ ಕಾಣುವ ಅದನ್ನು 1908ರಿಂದ 1922ರ ನಡುವೆ ಹೆರಾಲ್ಡ್ ಸೇಂಟ್ ಜಾರ್ಜ್ ಗ್ರೇ ತಳ ಮುಟ್ಟುವವರೆಗೆ ಅಗೆದಾಗ, ಮೂಲದ ಆಳ ಒಂಬತ್ತರಿಂದ ಹನ್ನೊಂದು ಮೀಟರಿನಷ್ಟಿತ್ತೆಂದು ತಿಳಿಯಿತು. ಇಲ್ಲಿ ಏರಿ ಕಂದಕದ ಹೊರಗಿದೆ, ಅಂದರೆ ಕೋಟೆಗೆ ತದ್ವಿರುದ್ಧ. ಒಳಗೆ ಜಗತ್ತಿನ ಅತಿ ದೊಡ್ಡ ಶಿಲಾವೃತ್ತ, ಅದರೊಳಗೇ ಒಂದು ಹಳ್ಳಿ. ಬೆಳಿಗ್ಗೆ ಇಷ್ಟು ದೊಡ್ಡದನ್ನು ನೋಡಿ ಮಧ್ಯಾಹ್ನ ದಿಣ್ಣೆಗೆ ಹೋದರೆ ಕಣ್ಣಿಗೆ ದಿಣ್ಣೆ ಬಡವಾಗುತ್ತದೆ. ನಮ್ಮ ಗುಂಪಿನ ಇಬ್ಬರು ಊಟವಾದ ಮೇಲೆ ದಿಣ್ಣೆ ಬೇಡವೆಂದು ಅರ್ಧ ಮನಸ್ಸು ಮಾಡಿದ್ದರು. ತದ್ವಿರುದ್ಧವಾಗಿ, ಮೊದಲು ಆ ಮಾಸಿದ ತಗ್ಗುಗಳನ್ನು ಓದಲು ಕಲಿತು, ಅವನ್ನು ತೋಡಿದವರ ದೂರದ ಪೀಳಿಗೆಯವರು ಅದೇ ಸೀಮೆಯಲ್ಲಿ ಮಾಡಿದ್ದೇನೆಂದು ನೋಡಲು ಇಳಿದು ಬಂದರೆ, ಏವ್‌ಬರಿಯ ಕಂದಕದ ಅಂಚಿನಲ್ಲಿ ನಿಂತಾಗ ಆಗುವ ಅನುಭವವೇ ಬೇರೆ. ಈ ಸಲಹೆಯನ್ನು ಅವರಿಗೆ ಬರೆದು ಕಳಿಸಿದ್ದೇನೆ. ಬಸ್ಸಿನ ಸಮಯ, ಊಟದ ಸಮಯಗಳ ಅನುಕೂಲಕ್ಕೆ ಹೀಗೆ ಮಾಡಿದ್ದೇವೆ ಎಂಬ ಅವರ ಉತ್ತರ ನನಗೆ ಸಾಲದು.

ಅದಕ್ಕಿಂತ ದೊಡ್ಡ ಕೊರತೆ, ಅವರು ಅಲೆಕ್ಸಾಂಡರ್ ಕೈಲರ್ ಮ್ಯೂಸಿಯಂಗೆ ಕೊಟ್ಟ ಸಮಯ ಬರೀ ಇಪ್ಪತ್ತೈದು ನಿಮಿಷ. 1938ರಲ್ಲಿ ಹಳೆಯ ಕುದುರೆ ಲಾಯದಲ್ಲಿ ಆರಂಭವಾದ ಈ ಪುಟ್ಟ ಮ್ಯೂಸಿಯಂ ನಿಜಕ್ಕೂ ಅಮೂಲ್ಯವಾದದ್ದು. ದಿಣ್ಣೆಯ ಮೇಲೆ ಇಲ್ಲದಿರುವುದೆಲ್ಲ ಇಲ್ಲಿದೆ: ಗುಂಡು ತಳದ ಮಡಕೆಗಳು, ಕೊಂಬಿನ ಗುದ್ದಲಿಗಳು, ಒಂದು ನಾಯಿಯ ಅಸ್ಥಿಪಂಜರ. ಕಂದಕದಲ್ಲಿ ಸಿಕ್ಕ ಸುಮಾರು ಮೂರು ವರ್ಷದ ಮಗುವಿನ ಅಸ್ಥಿಪಂಜರವೂ ಇದೆ. ಅದನ್ನು ಮರಳಿ ಮಣ್ಣು ಮಾಡಬೇಕೆಂದು 2006ರಲ್ಲಿ, ಪ್ರಾಚೀನ ಬ್ರಿಟನ್ನಿನ ಧರ್ಮವನ್ನು ಅನುಸರಿಸುತ್ತೇವೆನ್ನುವ ಡ್ರೂಯಿಡ್ ಪಂಥದವರು ಕೇಳಿದ್ದರು. ವಿಸ್ತಾರವಾದ ವಿಚಾರಣೆಯ ನಂತರ 2010ರಲ್ಲಿ ಮ್ಯೂಸಿಯಂನಲ್ಲೇ ಉಳಿಸುವ ತೀರ್ಮಾನವಾಯಿತು. ತಂದೆಯವರು ಅಲ್ಲಿ ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಅಂಥ ಜಾಗದಲ್ಲಿ ಗಡಿಯಾರ ನೋಡುತ್ತಾ ಹೊರಡಿಸುವುದು ಸರಿಯಲ್ಲ. ಕನಿಷ್ಠ ಒಂದು ಗಂಟೆ ಬೇಕು, ಅದೂ ದಿಣ್ಣೆಯಿಂದ ಇಳಿದು ಬಂದ ಮೇಲೆ, ಮಡಕೆ ಯಾವ ತಗ್ಗಿನಿಂದ ಬಂತೆಂದು ಮನಸ್ಸಿನಲ್ಲಿರುವಾಗ.

ಇಷ್ಟಾದರೂ ಈ ನಡಿಗೆಗೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಶಿಲಾವೃತ್ತದೊಳಗೆ ಓಡಾಡಲು ಟಿಕೆಟ್ ಬೇಕಿಲ್ಲ, ದಿಣ್ಣೆಗೂ ಬೇಕಿಲ್ಲ. ಆದ್ದರಿಂದ ಕೊಡುವ ಹಣ ಪೂರ್ತಿ ವಿವರಣೆಗೇ ಹೋಗುತ್ತದೆ, ಆ ವಿವರಣೆ ಅಷ್ಟು ಬೆಲೆ ಬಾಳುತ್ತದೆ. ಎಂಟಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳದಿರುವುದೂ ಮೆಚ್ಚಬೇಕಾದ ಸಂಗತಿ. ಊರಿನಿಂದ ಬಂದ ಹಿರಿಯರನ್ನು ಕರೆದೊಯ್ಯುವವರಿಗೆ ಎರಡು ಮಾತು. ಹಳ್ಳಿಯಿಂದ ದಿಣ್ಣೆಗೆ ಸುಮಾರು ಎರಡು ಕಿಲೋಮೀಟರ್, ಏರು ಕಡಿದಲ್ಲ, ಆದರೆ ಮಳೆ ಬಿದ್ದರೆ ಸೀಮೆಸುಣ್ಣದ ನೆಲ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ಮೇಲೆ ಶೌಚಾಲಯವಾಗಲಿ ನೆರಳಾಗಲಿ ಇಲ್ಲ, ಹಳ್ಳಿಯಲ್ಲೇ ಮುಗಿಸಿಕೊಂಡು ನೀರು ತುಂಬಿಕೊಂಡು ಹೊರಡಬೇಕು. ಸ್ವಿಂಡನ್‌ನಿಂದ ಬಸ್ಸಿದೆ. ಜೂನ್‌ನ ನಡುಹಗಲಿನಲ್ಲಿ ಹುಲ್ಲು ಎತ್ತರ, ನೆರಳು ಗಿಡ್ಡ, ಹಾಗಾಗಿ ತಗ್ಗುಗಳು ಸರಿಯಾಗಿ ಕಾಣುವುದಿಲ್ಲ. ಚಳಿ ತಡೆಯುವವರು ಅಕ್ಟೋಬರ್ ಕೊನೆಯಲ್ಲೋ ಫೆಬ್ರವರಿಯಲ್ಲೋ, ಸೂರ್ಯ ಕೆಳಗಿರುವ ಹೊತ್ತಿಗೆ ದಿಣ್ಣೆಯ ಮೇಲಿರುವಂತೆ ನೋಡಿಕೊಂಡರೆ, ಕಂದಕದ ತುಂಡುಗಳು ತಮ್ಮ ನೆರಳಿನಿಂದಲೇ ಎದ್ದು ಕಾಣುತ್ತವೆಂದು ಮಾರ್ಗದರ್ಶಿ ಹೇಳಿದರು. ನಾನು ಫೆಬ್ರವರಿಯ ನಡಿಗೆಗೆ ಮತ್ತೆ ಹೆಸರು ಕೊಟ್ಟಿದ್ದೇನೆ.