ಕೋಳಿ ಮಾಂಸ ಮುಟ್ಟದವರನ್ನೂ ಬಿಡದ ಸಾಲ್ಮೊನೆಲ್ಲಾ

ನಮ್ಮ ಅತ್ತೆಯವರು ತುಳಸಿಮಾಲೆ ಹಾಕಿಸಿಕೊಂಡು ಪಂಢರಪುರದ ವಿಠ್ಠಲನಿಗೆ ನಡೆದುಕೊಳ್ಳುವವರು. ಮಾಂಸ ಬಿಟ್ಟು ಎಷ್ಟೋ ವರ್ಷಗಳಾಗಿವೆ. ಅಂಥವರು ಈ ಬೇಸಿಗೆಯಲ್ಲಿ ಕೋಳಿ ಮಾಂಸದಿಂದ ಹರಡುವ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಸೋಂಕಿಗೆ ಸಿಕ್ಕಿ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಮಲಗಬೇಕಾಯಿತು. ಬೇರೆ ಮನೆಗಳಲ್ಲಿ ಹೀಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೀಗರು ಬಂದಿದ್ದರಿಂದ ಮಾರುಕಟ್ಟೆಯ ಅಂಗಡಿಯಿಂದ ಫಾರಂ ಕೋಳಿ ತರಿಸಿದ್ದೆವು. ಅಂಗಡಿಯವರು ಹಸಿ ಮಾಂಸವನ್ನು ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಮ್ಮ ಹುಡುಗನ ಕೈಯಲ್ಲಿದ್ದ ಸಂತೆಚೀಲದೊಳಗೆ ಸವತಿಕಾಯಿ, ಕೊತ್ತಂಬರಿಯ ಮೇಲೆಯೇ ಇಟ್ಟು ಕಳುಹಿಸಿದ್ದರು. ಚೀಲದ ತಳ ಒದ್ದೆಯಾಗಿತ್ತೆಂಬುದು ಅವನಿಗೆ ನೆನಪಾದದ್ದು ಎಲ್ಲ ಮುಗಿದ ಮೇಲೆ. ಹಿತ್ತಲ ಒಲೆಯ ಮೇಲೆ ಚೆನ್ನಾಗಿ ಕುದಿದ ಸಾರನ್ನಷ್ಟೇ ಉಂಡ ಬೀಗರಿಗೆ ಏನೂ ಆಗಲಿಲ್ಲ. ರೊಟ್ಟಿಯ ಜೊತೆ ಹಸಿ ಸವತಿಕಾಯಿಯ ಪಚಡಿ ತಿಂದ ಅತ್ತೆಯವರಿಗೂ ಮಕ್ಕಳಿಗೂ ಮರುದಿನ ರಾತ್ರಿ ಭೇದಿ, ಹೊಟ್ಟೆನುಲಿತ, ಚಳಿಜ್ವರ ಶುರುವಾದವು.

ಮಕ್ಕಳು ಓಆರ್‌ಎಸ್ ಕುಡಿದೇ ಸುಧಾರಿಸಿಕೊಂಡರು. ಅತ್ತೆಯವರ ಜ್ವರ ಮಾತ್ರ ಇಳಿಯಲಿಲ್ಲ. ಸಮೀಪದ ವೈದ್ಯರು ವಿಡಾಲ್ ಎಂಬ ರಕ್ತಪರೀಕ್ಷೆಯನ್ನು ನೋಡಿ ಟೈಫಾಯಿಡ್ ಎಂದು ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು, ಅದು ನಾಟಲಿಲ್ಲ. ಆಸ್ಪತ್ರೆಯಲ್ಲಿ ರಕ್ತದ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಿಸಿದಾಗ ಬೆಳೆದದ್ದು ಸಾಲ್ಮೊನೆಲ್ಲಾ ನಿಜ, ಆದರೆ ಮನುಷ್ಯರಲ್ಲಷ್ಟೇ ನೆಲೆಸುವ ಟೈಫಾಯಿಡ್ ರೋಗಾಣುವಲ್ಲ, ಕೋಳಿ ಮೊದಲಾದ ಪ್ರಾಣಿಗಳ ಕರುಳಿನಲ್ಲಿ ಬದುಕುವ ಬೇರೆ ಬಗೆ. ವಿಡಾಲ್ ಪರೀಕ್ಷೆಗೆ ಈ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ವರದಿಯಲ್ಲಿ ಆಂಪಿಸಿಲಿನ್, ಕೋಟ್ರೈಮೋಕ್ಸಜೋಲ್, ಸಿಪ್ರೋಫ್ಲಾಕ್ಸಾಸಿನ್ ಮೂರರ ಮುಂದೆಯೂ ‘ಆರ್’ ಎಂದಿತ್ತು, ಅಂದರೆ ಆ ಔಷಧಿಗಳಿಗೆ ರೋಗಾಣು ಜಗ್ಗುವುದಿಲ್ಲ. ಕೊನೆಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿನಿಂದ ಜ್ವರ ಇಳಿಯಿತು.

ಆ ಅಂಗಡಿಯ ಮಾಂಸವನ್ನು ನಾವು ಪರೀಕ್ಷೆಗೆ ಕಳುಹಿಸಿಲ್ಲವಾದ್ದರಿಂದ ಅದರ ಹೆಸರು ಹೇಳುವುದು ನ್ಯಾಯವಲ್ಲ. ಅಂಗಡಿ ಬದಲಿಸಿದರೆ ಅಪಾಯ ತಪ್ಪುತ್ತದೆ ಎಂಬಂತೆಯೂ ಇಲ್ಲ. ಕೋಳಿಗಳಿಗೆ ನೀರಿನಲ್ಲಿ, ಮೇವಿನಲ್ಲಿ ಆಂಟಿಬಯೋಟಿಕ್ ಕೊಟ್ಟಾಗ ಅದನ್ನು ತಾಳಬಲ್ಲ ರೋಗಾಣುಗಳು ಮಾತ್ರ ಉಳಿದು ಬೆಳೆಯುತ್ತವೆ. ಕೋಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್ ಅದರ ದೇಹದಲ್ಲಿ ಸಿಪ್ರೋಫ್ಲಾಕ್ಸಾಸಿನ್ ಆಗಿಯೇ ಮಾರ್ಪಡುತ್ತದೆ ಎಂದರೆ, ನಮ್ಮ ಮಾತ್ರೆ ಏಕೆ ನಾಟಲಿಲ್ಲ ಎಂಬುದು ಊಹೆಗೆ ಸಿಗುತ್ತದೆ. ಈ ಔಷಧಿಯನ್ನು ಕೋಳಿಗಳಿಗೆ ಕೊಡುವುದನ್ನು ಅಮೆರಿಕ 2005ರಲ್ಲೇ ನಿಲ್ಲಿಸಿತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಕೋಳಿಗಳಿಗೆ ಕೊಡುವುದಕ್ಕೆ ನಮ್ಮಲ್ಲಿ 2019ರಲ್ಲಿ ನಿಷೇಧ ಬಂತು. ಜವಾರಿ ಕೋಳಿಯಾದರೆ ಭಯವಿಲ್ಲ ಎನ್ನುವವರಿದ್ದಾರೆ, ಆದರೆ ಸಾಲ್ಮೊನೆಲ್ಲಾ ಅದರ ಕರುಳಿನಲ್ಲೂ ಇರಬಹುದು.

ಸಮಾಧಾನದ ಸಂಗತಿಯೆಂದರೆ, ಔಷಧಿಗೆ ಜಗ್ಗದ ರೋಗಾಣು ಬೆಂಕಿಗೆ ಜಗ್ಗುತ್ತದೆ: ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಸಾಯುತ್ತದೆ. ಫ್ರಿಜ್ಜಿನ ತಂಪಿಗೆ ಸಾಯುವುದಿಲ್ಲ, ಉಪ್ಪು, ಅರಿಶಿನ ಹಚ್ಚಿ ತೊಳೆದ ಮಾತ್ರಕ್ಕೂ ಹೋಗುವುದಿಲ್ಲ. ನಲ್ಲಿಯ ಕೆಳಗೆ ತೊಳೆಯುವಾಗ ಸಿಡಿಯುವ ಹನಿಗಳು ಪಕ್ಕದ ತಾಟು, ತರಕಾರಿಗಳಿಗೆ ಅದನ್ನು ಹರಡುತ್ತವೆ. ಆದ್ದರಿಂದ ಅಂಗಡಿಗೆ ಹೋಗುವಾಗ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿ ಒಯ್ಯಿರಿ, ಹಸಿಯಾಗಿ ತಿನ್ನುವ ಯಾವುದನ್ನೂ ಅದರ ಜೊತೆ ಒಂದೇ ಚೀಲದಲ್ಲಿ ತರಬೇಡಿ, ಮಾಂಸ ಹೆಚ್ಚಿದ ಈಳಿಗೆಯನ್ನು ಸೋಪು ಹಚ್ಚಿ ತೊಳೆಯದೆ ಉಳ್ಳಾಗಡ್ಡಿಗೆ ಬಳಸಬೇಡಿ.

ಭೇದಿಯಾದೊಡನೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವ ರೂಢಿಯನ್ನೂ ಬಿಡಿ. ಗಟ್ಟಿಮುಟ್ಟಾದವರಿಗೆ ಬಹುತೇಕ ಅದು ಬೇಕಾಗುವುದೇ ಇಲ್ಲ. ವಯಸ್ಸಾದವರು, ಹಸುಗೂಸುಗಳು, ಗರ್ಭಿಣಿಯರ ವಿಷಯದಲ್ಲಿ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ, ಮಾತ್ರೆ ಶುರುಮಾಡುವ ಮೊದಲೇ ಕಲ್ಚರ್‌ಗೆ ಕೊಡಬಹುದೇ ಎಂದು ಕೇಳಿರಿ. ಗುಣವಾದ ಮೇಲೂ ಕೆಲವು ವಾರ ಮಲದಲ್ಲಿ ರೋಗಾಣು ಹೋಗುತ್ತಿರುತ್ತದೆಯಾದ್ದರಿಂದ, ಅಲ್ಲಿಯವರೆಗೆ ರೊಟ್ಟಿ ಬಡಿಯುವುದು ಬೇಡವೆಂದು ವೈದ್ಯರು ಅತ್ತೆಯವರಿಗೆ ಹೇಳಿ ಕಳುಹಿಸಿದ್ದಾರೆ.