ಪ್ರೋಟೀನ್ ವಿಡಿಯೋ ಮಾಡೋಕೆ ಯಾವ ಸಾಫ್ಟ್‌ವೇರ್: ಕೈಮೆರಾಎಕ್ಸ್, ಪೈಮಾಲ್, ವಿಎಂಡಿ, ಬ್ಲೆಂಡರ್

ರಾಯಚೂರಾಗ ಡಿಗ್ರಿ ಹುಡುಗ್ರಿಗೆ ಬಯೋಕೆಮಿಸ್ಟ್ರಿ ಹೇಳ್ತೀನಿ, ಬೋರ್ಡ್ ಮ್ಯಾಲೆ ಎಷ್ಟ ಚಿತ್ರ ಬರದ್ರೂ ಎಂಜೈಮ್ ಹೆಂಗ ಬಾಯಿ ಮುಚ್ಚತೈತಿ ಅನ್ನೋದು ಅವ್ರಿಗೆ ಕಾಣಂಗಿಲ್ಲ, ಅದಕ್ಕ ವಿಡಿಯೋ ಬೇಕ ಬೇಕು.

ಹೊಸಬ್ರಿಗೆ ನಾ ಹೇಳೋದು ಕೈಮೆರಾಎಕ್ಸ್. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಸ್ಯಾನ್ ಫ್ರಾನ್ಸಿಸ್ಕೋದವ್ರು ಮಾಡಿದ್ದು, ಪಾಠಕ್ಕ, ರಿಸರ್ಚಿಗೆ ಫ್ರೀ. ಅಡಿನೈಲೇಟ್ ಕೈನೇಸ್ ಅನ್ನೋ ಎಂಜೈಮ್ ತಗೊಳ್ರಿ, ಪಿಡಿಬಿ ಅನ್ನೋ ಪ್ರೋಟೀನ್ ರಚನೆಗಳ ಆನ್‌ಲೈನ್ ಭಂಡಾರದೊಳಗ 4ಎಕೆಇ ಅಂದ್ರ ತೆರದಿದ್ದು, 1ಎಕೆಇ ಅಂದ್ರ ಮುಚ್ಚಿದ್ದು, ಎರಡೂ ಓಪನ್ ಮಾಡಿ ಮಾರ್ಫ್ ಕಮಾಂಡ್ ಕೊಟ್ರ ನಡುವಿನ ಚಲನೆ ತಾನಾ ತುಂಬ್ತೈತಿ, ರೆಕಾರ್ಡ್ ಹಚ್ಚಿ ಎನ್‌ಕೋಡ್ ಮಾಡಿದ್ರ ಎಂಪಿ4 ರೆಡಿ. ಆದ್ರ ಒಂದು ಮಾತು ಹುಡುಗ್ರಿಗೆ ಹೇಳಲೇಬೇಕು, ಮಾರ್ಫ್ ಅನ್ನೋದು ಎರಡು ಸ್ಥಿತಿ ನಡುವೆ ಲೆಕ್ಕ ಹಾಕಿ ತುಂಬಿದ್ದು, ಅಣುಗಳ ನಿಜವಾದ ಓಡಾಟ ಅಲ್ಲ.

ಭೌತಶಾಸ್ತ್ರದ ನಿಯಮದಂಗ ಅಣುಗಳ ಓಡಾಟ ಕಂಪ್ಯೂಟರಿನ್ಯಾಗ ನಡಿಸಿದ ನಿಜವಾದ ಸಿಮ್ಯುಲೇಶನ್ ಡೇಟಾ ಇದ್ರ ವಿಎಂಡಿನೇ ಸರಿ, ಇಲಿನಾಯ್ಸ್ ಯೂನಿವರ್ಸಿಟಿದು, ಟ್ರಾಜೆಕ್ಟರಿ ಫೈಲಿಗೆ (ಅಣುಗಳು ಕ್ಷಣಕ್ಷಣಕ್ಕ ಎಲ್ಲಿದ್ವು ಅನ್ನೋ ದಾಖಲೆ) ಅಂತನ ಹುಟ್ಟಿದ್ದು. ದೊಡ್ಡ ಟ್ರಾಜೆಕ್ಟರಿ ಪೂರ್ತಿ ರ್‍ಯಾಮಿಗೆ ತುಂಬ್ತೈತಿ, 4 ಜಿಬಿ ಲ್ಯಾಪ್‌ಟಾಪ್ ಇದ್ರ ಫ್ರೇಮ್ ಬಿಟ್ಟು ಬಿಟ್ಟು ಲೋಡ್ ಮಾಡ್ರಿ.

ಪೈಮಾಲ್ ಚಿತ್ರ ಭಾಳ ಚಂದ, ರಿಸರ್ಚ್ ಪೇಪರಿಗೆ ಅದನ್ನ ಬಳಸ್ತೀನಿ. ಓಪನ್ ಸೋರ್ಸ್ ಆವೃತ್ತಿಯೊಳಗ ಮಾರ್ಫ್ ಇಲ್ಲ, ಪ್ರೋಟೀನ್ ತಿರುಗಿಸಿ ತೋರ್ಸೋ ವಿಡಿಯೋಕ್ಕ ಸಾಕು.

ಬ್ಲೆಂಡರ್ ಅಂದ್ರ 3ಡಿ ಅನಿಮೇಶನ್ ಸಾಫ್ಟ್‌ವೇರ್, ಅದಕ್ಕ ಅಣುಗಳನ್ನ ತೋರ್ಸೋ ಮಾಲಿಕ್ಯುಲರ್ ನೋಡ್ಸ್ ಅನ್ನೋ ಆಡ್-ಆನ್ ಹಾಕ್ಕೊಂಡ್ರ ಸಿನಿಮಾದಂಗ ಬೆಳಕು ನೆರಳು ಬರ್ತಾವ, ಆದ್ರ ಕಲಿಯೋಕ ವಾರಗಟ್ಲೆ ಬೇಕು, ರೆಂಡರ್ (ಕಂಪ್ಯೂಟರ್ ಚಿತ್ರ ತಯಾರ್ ಮಾಡೋದು) ರಾತ್ರಿಯೆಲ್ಲಾ ನಡಿತೈತಿ, ನಮ್ಮ ಕಡೆ ಬ್ಯಾಸಿಗ್ಯಾಗ ಕರೆಂಟ್ ಹೋದ್ರ ಕಷ್ಟ, ಅದಕ್ಕ ನೇರ ವಿಡಿಯೋ ಮಾಡದ ಪಿಎನ್‌ಜಿ ಚಿತ್ರದ ಫ್ರೇಮ್ ಆಗಿ ಉಳಿಸ್ರಿ, ನಿಂತಲ್ಲಿಂದ ಮತ್ತ ಶುರು ಮಾಡಬಹುದು.