ಎಟಿವಿಗೆ ಉದ್ದದ ಎ-ಆರ್ಮ್ ಹಾಕಿಸುವವರು ಶಾಕಪ್ ಬಿಚ್ಚಿಸುವ ಮುಂಚೆ ಇದನ್ನು ಓದಿ

ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ. ಪೂರ್ತಿ ಇಳಿಜಾರು. ಗೊಬ್ಬರದ ಮೂಟೆ, ಸ್ಪ್ರೇ ಪಂಪು ಸಾಗಿಸುವುದೆಲ್ಲ ಒಂದು ಎಟಿವಿಯಲ್ಲೇ (ಕಚ್ಚಾ ದಾರಿಗೆ ಅಂತಲೇ ಇರುವ ನಾಲ್ಕು ಚಕ್ರದ ಗಾಡಿ). ಕೊರಕಲು ದಾರಿಯಲ್ಲಿ ಗಾಡಿ ವಾಲುತ್ತದೆ ಅಂತ ಜುಲೈನಲ್ಲಿ ನಾಲ್ಕೂ ಚಕ್ರಕ್ಕೆ ಉದ್ದದ ಎ-ಆರ್ಮ್ (ಚಕ್ರವನ್ನು ಗಾಡಿಯ ಚಾಸಿಗೆ ಜೋಡಿಸುವ ತೋಳು) ಹಾಕಿಸಿದೆ. "ಹೆಂಗೂ ಬಿಚ್ಚಿದೀವಲ್ಲ ಸಾರ್, ಶಾಕಪ್ಪೂ ಓವರ್‌ಹಾಲ್ ಮಾಡ್ಬಿಡ್ತೀವಿ" ಅಂದರು ಗ್ಯಾರೇಜಿನವರು. ಒಪ್ಪಿಕೊಂಡೆ. ಶಾಕಪ್ ಅಂದರೆ ಶಾಕ್ ಅಬ್ಸಾರ್ಬರ್; ಹೊರಗೆ ಸ್ಪ್ರಿಂಗ್, ಒಳಗೆ ಆಯಿಲು ಮತ್ತು ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಗ್ಯಾಸ್. ಸೆಪ್ಟೆಂಬರ್ ಕೊನೆಯಲ್ಲಿ ನನ್ನ ತಮ್ಮ ಪೊಟ್ಯಾಷ್ ಮೂಟೆ ಇಳಿಸಲು ಹೋಗಿ, ಕೆಳಗಿನ ತಿರುವಿನಲ್ಲಿ ಗಾಡಿ ಸಮೇತ ಮಗುಚಿಬಿದ್ದ. ಕಾಲರ್ ಬೋನ್ ಮುರಿಯಿತು.

ಸೂಚನೆ ಮೊದಲೇ ಸಿಕ್ಕಿತ್ತು. ಆರ್ಮ್ ಹಾಕಿದ ದಿನವೇ ಗಾಡಿಯ ಮೂತಿ ಕೆಳಗೆ ಕೂತಿತ್ತು. ವಾಪಸ್ ಒಯ್ದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಾಲರ್ (ಬಳೆ) ತಿರುಗಿಸಿ ಟೈಟ್ ಮಾಡಿಕೊಟ್ಟರು. ಗಾಡಿ ಎತ್ತರವಾಯಿತು, ನಾನೂ ಸುಮ್ಮನಾದೆ. ಕಾಲರ್ ಬಿಗಿದರೆ ಗಾಡಿ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಆರ್ಮ್ ಉದ್ದವಾದರೆ ಚಕ್ರಕ್ಕೆ ಶಾಕಪ್ಪಿನ ಮೇಲೆ ಸನ್ನೆಕೋಲಿನ ಹಾಗೆ ಹೆಚ್ಚು ಬಲ ಸಿಗುತ್ತದೆ. ಚಕ್ರ 10 ಸೆಂ.ಮೀ. ಆಡಿದಾಗ 6 ಸೆಂ.ಮೀ. ಕುಗ್ಗುತ್ತಿದ್ದ ಶಾಕಪ್ ಈಗ 5.5 ಕುಗ್ಗುತ್ತದೆ ಅಂದುಕೊಳ್ಳಿ. ಅರ್ಧ ಸೆಂಟಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಚಕ್ರಕ್ಕೆ ಸಿಗುವ ಸ್ಪ್ರಿಂಗಿನ ಗಡಸುತನ ಆ ಅನುಪಾತದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 0.6ರ ವರ್ಗ 0.36 ಇದ್ದದ್ದು, ಈಗ 0.55ರ ವರ್ಗ ಸುಮಾರು 0.30. ಆರರಲ್ಲಿ ಒಂದು ಪಾಲು ಹೋಯಿತು. ಅದಕ್ಕೆ ತಕ್ಕ ಸ್ಪ್ರಿಂಗ್ ಬೇಕು ಅಂತ ಗ್ಯಾರೇಜಿನಲ್ಲಿ ಒಬ್ಬರೂ ಹೇಳಲಿಲ್ಲ.

ಬೀಳುವ ಹಿಂದಿನ ದಿನ ತಮ್ಮ ಹೇಳಿದ್ದ: "ಅಣ್ಣಾ, ಎರಡು ಟ್ರಿಪ್ ಆದ್ಮೇಲೆ ಮುಂದ್ಗಡೆ ಚೆಂಡಿನ ಥರ ಕುಣೀತದೆ." "ಹೊಸ್ದಲ್ವಾ, ಸೆಟ್ ಆಗ್ತದೆ ಬಿಡು" ಅಂದುಬಿಟ್ಟೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ರ‍್ಯಾಲಿ ಬೈಕುಗಳ ಸಸ್ಪೆನ್ಷನ್ ಕೆಲಸ ಮಾಡುವ ಬೆಂಗಳೂರಿನ ಪರಿಚಯದವರೊಬ್ಬರ ಹತ್ತಿರ ನಾಲ್ಕೂ ಶಾಕಪ್ ಒಯ್ದೆ. ಅವರು ಮೊದಲು ಕನ್ನಡಕ ಹಾಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ವಾಲ್ವಿನಿಂದ ಗ್ಯಾಸನ್ನು ನಿಧಾನವಾಗಿ ಬಿಟ್ಟರು. ಎಟಿವಿ ಟೈರಿನಲ್ಲಿ 5-6 ಪಿಎಸ್‌ಐ ಇದ್ದರೆ, ಇಂಥ ಶಾಕಪ್ಪಿನ ರಿಸರ್ವಾಯರಿನಲ್ಲಿ (ಗ್ಯಾಸ್ ಇರುವ ಡಬ್ಬಿ) ಸಾಮಾನ್ಯವಾಗಿ 150ರಿಂದ 200 ಇರುತ್ತದೆ. ಗ್ಯಾಸ್ ಬಿಡದೆ ಮುಚ್ಚಳ ಬಿಚ್ಚಿದರೆ ಅದು ಮುಖಕ್ಕೇ ಸಿಡಿಯುತ್ತದೆ. ದಯವಿಟ್ಟು ಮನೆಯಲ್ಲಿ ಈ ಪ್ರಯತ್ನಕ್ಕೆ ಕೈಹಾಕಬೇಡಿ.

ಮುಂದಿನ ಎಡಗಡೆಯದರಲ್ಲಿ 'ಉಸ್' ಅನ್ನುವಷ್ಟೂ ಗ್ಯಾಸ್ ಇರಲಿಲ್ಲ. ಒಳಗಿಂದ ಬಂದ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ನೊರೆಗಟ್ಟಿತ್ತು. ತುಂಬುವಾಗ ಗಾಳಿಯ ಗುಳ್ಳೆ ಪೂರ್ತಿ ತೆಗೆದಿಲ್ಲ ಅಂದರು. ಗ್ಯಾಸಿನ ಒತ್ತಡವೂ ಇಲ್ಲದೆ, ಗುಳ್ಳೆಯೂ ಸೇರಿಕೊಂಡರೆ ಪಿಸ್ಟನ್ನಿಗೆ ಹಿಡಿತವೇ ಸಿಗುವುದಿಲ್ಲ. ಬಿಸಿಯಾದಷ್ಟೂ ಶಾಕಪ್ ಸೋಲುತ್ತದೆ. ತಮ್ಮ ಹೇಳಿದ ಕುಣಿತ ಇದೇ. ಗ್ಯಾಸ್ ಇರಬೇಕಾದ ಬದಿಯಲ್ಲಿ ತೇವ, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ. ಪಿಸ್ಟನ್ ಹಿಡಿದಿರುವ ರಾಡಿನ ಮೇಲೆ ಉಗುರು ಎಳೆದು ತೋರಿಸಿದರು, ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಅಂಥ ಗೀರು ಬಿದ್ದ ರಾಡಿಗೆ ಹೊಸ ಸೀಲು ಹಾಕಿದ್ದರು!

ಗ್ಯಾರೇಜಿಗೆ ಫೋನ್ ಮಾಡಿ ನೈಟ್ರೋಜನ್ ತುಂಬಿದ್ದಿರಾ ಅಂತ ಕೇಳಿದೆ. "ಗಾಳೀಲೂ 78 ಪರ್ಸೆಂಟ್ ನೈಟ್ರೋಜನ್ನೇ ಅಲ್ವಾ ಸಾರ್" ಅಂದರು. ಲೆಕ್ಕ ನಿಜ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಂಪ್ರೆಸರಿನ ಗಾಳಿ ಜೊತೆಗೆ ಎಷ್ಟು ನೀರಿನಂಶ ಒಳಗೆ ಹೋಗುತ್ತದೆ ಅಂತ ಅವರು ಯೋಚಿಸಿಲ್ಲ. ನೀರಿನಂಶ ಬಿಸಿಯಾದರೆ ಒತ್ತಡ ಏರುಪೇರಾಗುತ್ತದೆ, ಒಳಮೈ ತಿನ್ನುತ್ತದೆ. ಟೈರಿನ ಗೇಜು ಹಾಕಿ ನೋಡುವುದೂ ತಪ್ಪು. ಗ್ಯಾಸ್ ಇರುವ ಜಾಗ ಎಷ್ಟು ಚಿಕ್ಕದೆಂದರೆ ಗೇಜಿನ ಪೈಪು ತುಂಬುವಷ್ಟರಲ್ಲೇ ಒತ್ತಡ ಇಳಿದಿರುತ್ತದೆ.

ಕುಗ್ಗಿದ ಶಾಕಪ್ ಎಷ್ಟು ಬೇಗ ವಾಪಸ್ ಬರಬೇಕು ಅಂತ ಹೊಂದಿಸುವ ರಿಬೌಂಡ್ ಸ್ಕ್ರೂ ಎಡಗಡೆಯ ಶಾಕಪ್ಪಿನಲ್ಲಿ 4 ಕ್ಲಿಕ್, ಬಲಗಡೆಯದರಲ್ಲಿ 11 ಇತ್ತು. ಒಂದು ಚಕ್ರ ತಡವಾಗಿ, ಇನ್ನೊಂದು ಬೇಗ ವಾಪಸ್ ಬರುವ ಗಾಡಿಯನ್ನು ನನ್ನ ತಮ್ಮ ಮೂಟೆ ಹೇರಿಕೊಂಡು ಇಳಿಸುತ್ತಿದ್ದ.

ನೀವು ಮಾಡಿಸುವುದಾದರೆ ರಾಡನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ, ಉಗುರು ಎಳೆದು ನೋಡಿ. ನೈಟ್ರೋಜನ್ ಸಿಲಿಂಡರು, ರೆಗ್ಯುಲೇಟರು ಅಲ್ಲಿದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ಬನ್ನಿ. ಆಯಿಲಿಗೆ ಡಬ್ಬಿಯ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ತೆಳುವಿರುತ್ತದೆ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲು ಎಷ್ಟು ಮಂದ ಅನ್ನುವುದರ ಅಳತೆ) ಅಂತ ಕೇಳಿ. ಗಾಡಿ ಬಂದ ಮೇಲೆ ಜಾಕ್ ಹಾಕಿ ಚಕ್ರ ನೇತಾಡುವಾಗಿನ ಎತ್ತರ ಅಳೆಯಿರಿ. ಆಮೇಲೆ ನೀವೇ ಕೂತು, ದಿನಾ ಹೇರುವಷ್ಟು ಭಾರ ಹೇರಿ ಇನ್ನೊಮ್ಮೆ ಅಳೆಯಿಸಿ. ಚಕ್ರ ಮೇಲೆ-ಕೆಳಗೆ ಆಡುವ ಒಟ್ಟು ದೂರದ ಸುಮಾರು ಮೂರನೇ ಒಂದು ಭಾಗದಷ್ಟು ಗಾಡಿ ಕೆಳಗೆ ಕೂರಬೇಕು. ಕಾಲರ್ ಎಷ್ಟು ಬಿಗಿದರೂ ಅದು ಹೊಂದದಿದ್ದರೆ ಬದಲಾಯಿಸಬೇಕಾದ್ದು ಸ್ಪ್ರಿಂಗ್. ಕ್ಲಿಕ್‌ಗಳನ್ನು ಪೂರ್ತಿ ಮುಚ್ಚಿದಲ್ಲಿಂದ ಎಣಿಸಿ ಬರೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ನಮ್ಮದಕ್ಕೆ ಹೊಸ ರಾಡು, ಗಟ್ಟಿ ಸ್ಪ್ರಿಂಗ್ ಬಂದಿದೆ. ತಮ್ಮನ ಕೈ ಇನ್ನೂ ಜೋಳಿಗೆಯಲ್ಲಿದೆ. ಮೊನ್ನೆ ಎತ್ತರ ಅಳೆಯುವಾಗ ಎಡಗೈಯಲ್ಲಿ ಟೇಪ್ ಹಿಡಿದು ಅವನೇ ಕೂತಿದ್ದ.